ಕಣ್ಣಾರೆ ಕಂಡವರು

ನ್ಯಾಯಾಲಯದ ಚಿತ್ರ ತೆಗೆಯಲು ಹೆಚ್ಚಿನ ಬಂಡವಾಳ ಬೇಕಿಲ್ಲ. ಒಂದು ಕಟಕಟೆ, ಎತ್ತರದ ಪೀಠ, ಕರಿಕೋಟಿನ ಇಬ್ಬರು ವಕೀಲರು, ನಡುವೆ ಒಬ್ಬ ಆರೋಪಿ ಇದ್ದರೆ ಸಾಕು. ಕಾಶ್ಮೀರದ ಹೊರಾಂಗಣವಿಲ್ಲ, ಕುಣಿಯುವ ನೂರು ಜನರಿಲ್ಲ. ಇರುವ ಸರಕೆಲ್ಲ ಮಾತು. ಆದರೂ ಹುಬ್ಬಳ್ಳಿಯ ಹಿರಿಯ ಜವಳಿ ವ್ಯಾಪಾರಿಯೊಬ್ಬರು ಭಾನುವಾರ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ ನೋಡಲು ಕೂರುವುದು ಇಂಥ ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನೇ. ಮೊಮ್ಮಗನು ಹುಡುಕಿ ಟಿ.ವಿ.ಗೆ ಹಾಕಿಕೊಟ್ಟು, “ಅಜ್ಜಾ, ಇದರಾಗ ಒಂದು ಹಾಡೂ ಇಲ್ಲಲ್ಲ” ಎಂದು ಎದ್ದುಹೋಗುತ್ತಾನೆ.

ಹುಡುಗನ ಮಾತು ನಿಜವೇ. ಬಿ. ಆರ್. ಚೋಪ್ರಾ ಅವರ ‘ಕಾನೂನ್’ (1960) ಚಿತ್ರದಲ್ಲಿ ಒಂದು ಹಾಡೂ ಇಲ್ಲ. ಮೇಜು ಗುದ್ದುವ ವಕೀಲರು, ನಿಟ್ಟುಸಿರಿಡುವ ಸಭಿಕರು, ಕೊನೆಯ ಗಳಿಗೆಯಲ್ಲಿ ಬಯಲಾಗುವ ಗುಟ್ಟು ಈ ಬಗೆಯ ಚಿತ್ರಗಳ ಅತಿರೇಕಗಳು. ನಿಜವಾದ ನ್ಯಾಯಾಲಯದಲ್ಲಿ ಹೀಗೆಲ್ಲ ನಡೆಯುವುದಿಲ್ಲ. ಅಲ್ಲಿ ‘ಮುಂದಿನ ತಾರೀಖು’ ಎಂಬ ಒಂದೇ ಸಂಭಾಷಣೆ. ಬಾಕಿ ವಸೂಲಿಯ ದಾವೆ ಹೂಡಿ ವರ್ಷಗಟ್ಟಲೆ ಅಲೆದ ವ್ಯಾಪಾರಿಗೆ ಎರಡೂವರೆ ಗಂಟೆಯಲ್ಲಿ ತೀರ್ಪು ಸಿಗುವ ಚಿತ್ರ ಹಿತವೆನಿಸಿದರೆ ಆಶ್ಚರ್ಯವೇನು?

ಆದರೆ ಆಕರ್ಷಣೆ ಅಷ್ಟಕ್ಕೇ ನಿಲ್ಲುವುದಿಲ್ಲ. ಅಮೆರಿಕದ ಸಿಡ್ನಿ ಲ್ಯೂಮೆಟ್ ನಿರ್ದೇಶಿಸಿದ ‘ಟ್ವೆಲ್ವ್ ಆಂಗ್ರಿ ಮೆನ್’ (1957) ಬಹುಪಾಲು ಒಂದೇ ಕೋಣೆಯಲ್ಲಿ, ಸುಮಾರು ಮೂರು ವಾರಗಳಲ್ಲಿ, ಹಾಲಿವುಡ್ಡಿನ ಲೆಕ್ಕದಲ್ಲಿ ಅಲ್ಪವೆನ್ನಬಹುದಾದ ಹಣದಲ್ಲಿ ಸಿದ್ಧವಾಯಿತು. ತಂದೆಯನ್ನು ಕೊಂದನೆಂಬ ಆರೋಪ ಹೊತ್ತ ಹುಡುಗನ ಪ್ರಾಣ 12 ಜನ ಜೂರಿಗಳ ಕೈಯಲ್ಲಿದೆ. ಮುಖ್ಯ ಸಾಕ್ಷಿಗಳು ಇಬ್ಬರು. ಕುಂಟುವ ಮುದುಕನೊಬ್ಬ ತಾನು 15 ಸೆಕೆಂಡಿನಲ್ಲಿ ಬಾಗಿಲಿಗೆ ಬಂದು, ಓಡುತ್ತಿದ್ದ ಹುಡುಗನನ್ನು ಕಂಡೆನೆಂದಿದ್ದಾನೆ. ಅಳೆದು ನಡೆದು ನೋಡಿದರೆ 40 ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಎದುರುಮನೆಯ ಹೆಂಗಸು, ಸಾಗುತ್ತಿದ್ದ ರೈಲಿನ ಕಿಟಕಿಗಳ ಮೂಲಕ ಕೊಲೆ ಕಂಡವಳು. ಅವಳ ಮೂಗಿನ ಇಕ್ಕೆಲಗಳಲ್ಲಿ ಕನ್ನಡಕದ ಗುರುತುಗಳಿದ್ದವೆಂಬುದು ತಡವಾಗಿ ನೆನಪಾಗುತ್ತದೆ. ಮಲಗಿದ್ದವಳು ಕನ್ನಡಕ ಹಾಕಿದ್ದಳೇ? ಇಬ್ಬರೂ ಬೇಕೆಂದೇ ಸುಳ್ಳಾಡಿದವರಲ್ಲ. ಜೀವಮಾನದಲ್ಲಿ ತನ್ನ ಮಾತನ್ನು ಯಾರೂ ಕೇಳದ ಮುದುಕನಿಗೆ ಒಮ್ಮೆಯಾದರೂ ಮುಖ್ಯನಾಗುವ ಆಸೆಯಿತ್ತೆಂದು, ಜೂರಿಗಳಲ್ಲೇ ಹಿರಿಯನಾದವನು ಗುರುತಿಸುತ್ತಾನೆ. ಚಿತ್ರದ ಅತ್ಯಂತ ಕರುಣೆಯ ಮಾತು ಅದೇ. (1986ರಲ್ಲಿ ಬಾಸು ಚಟರ್ಜಿ ಇದನ್ನು ‘ಏಕ್ ರುಕಾ ಹುವಾ ಫೈಸಲಾ’ ಎಂದು ಹಿಂದಿಗೆ ತಂದಾಗ ನಮ್ಮಲ್ಲಿ ಕೊಲೆ ಮೊಕದ್ದಮೆಗಳನ್ನು ಕೇಳುವ ಜೂರಿಯೇ ಉಳಿದಿರಲಿಲ್ಲ, ಆದರೂ ನೋಡುಗರಿಗೆ ಯಾವ ಕೊರತೆಯೂ ಕಾಣಲಿಲ್ಲ.)

‘ಕಾನೂನ್’ ಚಿತ್ರದಲ್ಲಿ ಕಣ್ಣಾರೆ ಕಂಡವನು ಸ್ವತಃ ವಕೀಲ. ಕೊಲೆಗಾರ ತನ್ನ ಭಾವೀ ಮಾವನಾದ ನ್ಯಾಯಾಧೀಶರೇ ಎಂದು ಅವನ ನಂಬಿಕೆ. ಕೊಂದವನು ಅವರನ್ನು ಹೋಲುವ ಬೇರೊಬ್ಬನೆಂಬ ಮುಕ್ತಾಯ ದುರ್ಬಲವೇ ಸರಿ. ಆದರೆ ಆರಂಭ ದುರ್ಬಲವಲ್ಲ: ಮಾಡದ ಕೊಲೆಗೆ ಶಿಕ್ಷೆ ಅನುಭವಿಸಿ ಹೊರಬಂದವನು, ತಾನು ಕೊಂದನೆಂದು ಹಿಂದೆ ತೀರ್ಪಾಗಿದ್ದ ಅದೇ ವ್ಯಕ್ತಿಯನ್ನು ಈಗ ನಿಜವಾಗಿ ಕೊಂದು ಕಟಕಟೆಯಲ್ಲಿ ನಿಂತು, ಕಳೆದ ವರ್ಷಗಳನ್ನು ಹಿಂತಿರುಗಿಸುವವರು ಯಾರೆಂದು ಕೇಳುತ್ತಾನೆ.

ಆ ದೃಶ್ಯದಲ್ಲಿ ಹಿರಿಯರು ಯಾರೊಡನೆಯೂ ಮಾತನಾಡುವುದಿಲ್ಲ. 22ರ ವಯಸ್ಸಿನಲ್ಲಿ, ದೀಪ ಹಚ್ಚುವ ಹೊತ್ತಿಗೆ, ಅಂಗಡಿಯ ಗುಮಾಸ್ತನು ಗಲ್ಲಾಪೆಟ್ಟಿಗೆಯ ಬಳಿ ಜೇಬಿಗೆ ಕೈಹಾಕಿದ್ದನ್ನು ಅವರು ಹಿಂದಿನಿಂದ ನೋಡಿದ್ದರು. ಅಂದು ರೋಕಡಿಯಲ್ಲಿ 340 ರೂಪಾಯಿ ಕಡಿಮೆ ಬಂತು. “ನಾನ ನೋಡೀನಿ, ಅಪ್ಪಾಜಿ” ಎಂದರು. ನೋಡಿದ್ದು ಬೆನ್ನು ಮಾತ್ರ. ಮಗನ ಮಾತನ್ನು ತಂದೆ ಎರಡನೆಯ ಬಾರಿ ವಿಚಾರಿಸಲಿಲ್ಲ. ಗುಮಾಸ್ತ ಮರುದಿನ ಬರಲಿಲ್ಲ.

ದೀಪಾವಳಿಗೆ ಲೆಕ್ಕ ಮುಗಿಸುವಾಗ ಹಮಾಲರಿಗೂ ಲಾರಿ ಬಾಡಿಗೆಗೂ ಕೊಟ್ಟ ಹಣದ ಚೀಟಿ ಸಿಕ್ಕಿತು. ಕೀರ್ದಿಗೆ ಏರಿಸಲು ಮರೆತವರು ತಂದೆಯೇ. ಗುಮಾಸ್ತನ ಮನೆಗೆ ಆಳು ಹೋಗಿಬಂದ. ಸಂಸಾರ ಊರು ಬಿಟ್ಟಿತ್ತು. ಎಲ್ಲಿಗೆಂದು ನೆರೆಯವರಿಗೂ ಗೊತ್ತಿರಲಿಲ್ಲ.

ಅಂಗಡಿಯ ಹಳೆಯ ವಹಿಗಳನ್ನೆಲ್ಲ ಹಿರಿಯರು ಎಂದೋ ರದ್ದಿಗೆ ಹಾಕಿದ್ದಾರೆ. ಆ ಒಂದು ವರ್ಷದ ಕೀರ್ದಿ ಮಾತ್ರ, ಚೀಟಿಯ ಸಮೇತ, ಕಪಾಟಿನಲ್ಲಿದೆ.