ಉಯ್ಯಾಲೆಯ ಪಾಳಿ

ಮೇ 8, ಶುಕ್ರವಾರ. ರಾತ್ರಿ

ಮಡಿಕೇರಿ ಮುಟ್ಟುವಾಗ ಸಂಜೆ ನಾಲ್ಕೂವರೆ. ಕುಶಾಲನಗರ ದಾಟಿ ತಿರುವುಗಳು ಶುರುವಾದದ್ದೇ ತಡ, ಪುಟ್ಟ ಎರಡು ಸಲ ವಾಂತಿ ಮಾಡಿಕೊಂಡ. ಹೋಂಸ್ಟೇ ಪರವಾಗಿಲ್ಲ. ಹಿತ್ತಲಲ್ಲಿ ಸಿಲ್ವರ್ ಓಕ್, ಅದರ ಮೈತುಂಬ ಮೆಣಸಿನ ಬಳ್ಳಿ. ಇವರು ಪಟ್ಟಿ ಓದಿದರು: ಅಬ್ಬಿ, ದುಬಾರೆ, ತಲಕಾವೇರಿ, ರಾಜಾಸೀಟ್. ಬೆಳಿಗ್ಗೆ ಏಳಕ್ಕೇ ಹೊರಡಬೇಕಂತೆ. ಆಫೀಸಿನ ಥರ.

ಹಾಲು ತರಲು ಹೋದಾಗ ತಿರುವಿನಲ್ಲಿ ಸಣ್ಣದೊಂದು ಆಟದ ಜಾಗ ಕಂಡಿತು. ಎರಡು ಉಯ್ಯಾಲೆ, ಒಂದು ಜಾರುಬಂಡೆ, ಒಂದು ಸೀಸಾ. ಟಿಕೆಟ್ ಕೌಂಟರ್ ಎಲ್ಲಿ ಎಂದು ಕಣ್ಣು ತಾನಾಗಿ ಹುಡುಕಿತು. ಇರಲಿಲ್ಲ. ಗೇಟಿಗೆ ಚಿಲಕವೂ ಇಲ್ಲ.

ಮೇ 9, ಶನಿವಾರ

ಅಬ್ಬಿ. ನೀರು ಕಡಿಮೆ, ಜನ ಜಾಸ್ತಿ. ಪುಟ್ಟ ನೀರಿಗೆ ಇಳಿಯುತ್ತೇನೆಂದು ಹಟ. ಕಂಬಿಯಾಚೆ ಬಿಡುವುದಿಲ್ಲ ಎಂದು ಎಷ್ಟು ಹೇಳಿದರೂ ಅಳು. ಮೆಟ್ಟಿಲು ಹತ್ತುವಾಗ ಎತ್ತಿಕೊಂಡದ್ದು ನಾನೇ. ಪಾರ್ಕಿಂಗ್, ಟಿಕೆಟ್, ಜೋಳ, ಮಾವಿನಕಾಯಿ, ಒಂದು ಪ್ಲಾಸ್ಟಿಕ್ ಬಂದೂಕು. ಲೆಕ್ಕ ಬರೆಯುವುದು ಇವತ್ತಿಗೆ ಬಿಟ್ಟೆ.

ಸಂಜೆ ಪುಟ್ಟನನ್ನೂ ಮಗಳನ್ನೂ ಆಟದ ಜಾಗಕ್ಕೆ ಕರೆದೊಯ್ದೆ. ಅಲ್ಲಿ ಎಂಟೊಂಬತ್ತು ವರ್ಷದ ಹುಡುಗನೊಬ್ಬ. ದೊಡ್ಡವರ ಅಂಗಿ, ತೋಳು ಮಡಚಿದೆ. ಅರ್ಧ ಗಂಟೆಯಲ್ಲಿ ಮೂವರೂ ಒಂದೇ ಮನೆಯವರಂತೆ ಓಡಾಡುತ್ತಿದ್ದರು. ನಾನು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೆ. ಹೀಗೆ ಸುಮ್ಮನೆ ಕೂತು ಎಷ್ಟು ದಿನವಾಯಿತೋ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನ ಕೆಳಗೇ ಉಯ್ಯಾಲೆ ಇದೆ. ಕೀಬೋರ್ಡ್ ಕ್ಲಾಸು, ಈಜು, ಗಣಿತ ಮುಗಿದ ಮೇಲೆ ಕೆಳಗಿಳಿಯಲು ಹೊತ್ತೆಲ್ಲಿ.

ಮೇ 10, ಭಾನುವಾರ. ರಾತ್ರಿ ಹನ್ನೊಂದು

ನಿದ್ದೆ ಬರುತ್ತಿಲ್ಲ.

ದುಬಾರೆಗೆ ತಡವಾಗಿ ಹೋದೆವು, ಆನೆಗಳ ಸ್ನಾನ ಮುಗಿದಿತ್ತು. ಕಾರಿನಲ್ಲಿ ಇವರೂ ನಾನೂ ಮಾತಾಡಲಿಲ್ಲ. ತಡವಾದದ್ದು ಯಾರಿಂದ ಎಂಬುದು ಇಬ್ಬರಿಗೂ ಗೊತ್ತಿತ್ತು, ಬೇರೆ ಬೇರೆಯಾಗಿ.

ಐದಕ್ಕೆ ಆಟದ ಜಾಗ. ಒಂದು ಉಯ್ಯಾಲೆಯ ಸರಪಳಿ ತುಂಡಾಗಿತ್ತು. ಇನ್ನೊಂದರ ಮೇಲೆ ಅದೇ ಹುಡುಗ, ನಿಂತುಕೊಂಡು ಜೀಕುತ್ತಿದ್ದ. ಪುಟ್ಟ ಪಕ್ಕದಲ್ಲಿ ಕಾಯುತ್ತಿದ್ದ. ನೋಡಿದೆ, ನೋಡಿದೆ. ಇಳಿಯುವ ಲಕ್ಷಣವಿಲ್ಲ. ಎದ್ದು ಹೋಗಿ, "ಇಳಿಯೋ ಸಾಕು, ನಿಮ್ಮಪ್ಪನ ಆಸ್ತಿನಾ ಇದು?" ಎಂದೆ. ದನಿ ನನ್ನದೇ ಎನಿಸಲಿಲ್ಲ.

ಹುಡುಗ ಕಾಲು ಊರಿ ನಿಲ್ಲಿಸಿದ. ಪುಟ್ಟ ಹತ್ತಿ ಕೂರುವವರೆಗೆ ಸರಪಳಿ ಹಿಡಿದುಕೊಂಡಿದ್ದ. ಆಮೇಲೆ ಗೇಟು ದಾಟಿ ಹೋದ.

ಮಗಳು ಊಟದವರೆಗೂ ಮುಖ ಊದಿಸಿಕೊಂಡಿದ್ದಳು. ಕೊನೆಗೆ ಹೇಳಿದಳು. ಅವರೊಳಗೆ ಲೆಕ್ಕವಿತ್ತಂತೆ, ಒಬ್ಬೊಬ್ಬರಿಗೆ ಮೂವತ್ತು ಸಲ. ಅವನಿಗೆ ಕನ್ನಡ ಬರುವುದಿಲ್ಲ, ಅದಕ್ಕೆ ಹಿಂದಿಯಲ್ಲಿ "ತೀಸ್". ಎಣಿಸುತ್ತಿದ್ದವಳು ಇವಳು. "ಇಪ್ಪತ್ತೆಂಟಾಗಿತ್ತಮ್ಮ."

ಕನ್ನಡ ಬರುವುದಿಲ್ಲ ಅಂದರೆ ನಾನಂದದ್ದು ಅವನಿಗೆ ತಿಳಿದಿರಲಿಕ್ಕಿಲ್ಲ. ಇದು ಸಮಾಧಾನವೋ ಅಲ್ಲವೋ. ಬೈಗುಳಕ್ಕೆ ಭಾಷೆ ಬೇಕೆ?

ಮೇ 11, ಸೋಮವಾರ

ಮಧ್ಯಾಹ್ನದಿಂದ ಮಳೆ. ಎಲ್ಲಿಗೂ ಹೋಗಲಿಲ್ಲ. ಹೋಂಸ್ಟೇ ಆಂಟಿ ಕಡಂಬುಟ್ಟು ಮಾಡಿದ್ದರು. ಪುಟ್ಟ ನಾಲ್ಕು ತಿಂದ. ಇವರು ಮೂರು ಗಂಟೆ ನಿದ್ದೆ ಹೊಡೆದು ಎದ್ದು ನನ್ನ ನೋಡಿ ನಕ್ಕರು. ನಾನೂ ನಕ್ಕೆ.

ಮಳೆ ನಿಂತಾಗ ಮಕ್ಕಳು ಓಡಿದರು. ಹಿಂದೆ ನಾನು. ಹುಡುಗ ಬಂದಿರಲಿಲ್ಲ. ಬೆಂಚಿನಲ್ಲಿ ಒಬ್ಬರು ಅಜ್ಜಿ, ಮೊಮ್ಮಗಳ ಜೊತೆ. ಕೇಳಿದೆ. ಕೆಳಗಿನ ತೋಟದ ಲೈನ್ ಮನೆಯವನಂತೆ, ಅಸ್ಸಾಮಿನವರು. "ಮೆಣಸು ಕುಯ್ಲು ಮುಗೀತಲ್ಲಮ್ಮ. ಎಲ್ಲಿ ಕೆಲಸವೋ ಅಲ್ಲಿಗೆ ಹೋಗ್ತಾರೆ." ಹೋದರೋ ಇದ್ದಾರೋ ಅವರಿಗೂ ಗೊತ್ತಿಲ್ಲ.

ಮತ್ತೆ ಹನಿಯಿತು. ಮಕ್ಕಳು ಬಾಯಿ ತೆರೆದು ಆಕಾಶಕ್ಕೆ ಮುಖ ಮಾಡಿ ನಿಂತರು. ಅಜ್ಜಿ ಎದ್ದೇ ಬಿಟ್ಟರು. ಅವರ ಮನೆ ಮಕ್ಕಂದೂರು ಕಡೆ ಇತ್ತಂತೆ. 2018ರ ಆಗಸ್ಟಿನಲ್ಲಿ ಗುಡ್ಡ ಬಂತು. ಈಗ ಪೇಟೆಯಲ್ಲಿ ಮಗನ ಜೊತೆ. "ಮಳೆ ಶಬ್ದ ಆಗೋದಿಲ್ಲ ನನಗೆ," ಎಂದು ಮೊಮ್ಮಗಳ ಕೈ ಹಿಡಿದು ಹೊರಟರು. ಏನು ಹೇಳಬೇಕೋ ತಿಳಿಯದೆ "ಹುಷಾರು ಅಜ್ಜಿ" ಎಂದೆ. ಎಂಥ ಮಾತು.

ಮೇ 12, ಮಂಗಳವಾರ

ತಲಕಾವೇರಿ. 1,276 ಮೀಟರ್ ಎಂದು ಇವರು ಓದಿ ಹೇಳಿದರು. ಮಂಜಿನಲ್ಲಿ ಬ್ರಹ್ಮಗಿರಿ ಕಾಣಲಿಲ್ಲ. ಕುಂಡಿಕೆಯನ್ನು ನೋಡಿ ಮಗಳು "ಇಷ್ಟೇನಾ?" ಎಂದಳು. ನಮ್ಮ ಮನೆ ನಲ್ಲಿಯಲ್ಲಿ ಬರುವುದು ಇದೇ ಕಾವೇರಿ ಎಂದೆ. ನಂಬಲಿಲ್ಲ. ಭಾಗಮಂಡಲ ದಾಟುತ್ತಲೇ ಪುಟ್ಟನ ಪ್ರಶ್ನೆ: ಐದಕ್ಕೆ ಮುಟ್ತೀವಾ?

ರಾಜಾಸೀಟಿನ ಸೂರ್ಯಾಸ್ತ ಬಿಟ್ಟೆವು. ಇವರೇ ಬಿಡೋಣ ಎಂದರು.

ಚೀಲದಲ್ಲಿ ಒಂದು ಚಾಕೊಲೇಟ್ ಇಟ್ಟುಕೊಂಡಿದ್ದೆ. ಕೊಡುವಾಗ ಹಿಂದಿಯಲ್ಲಿ ಏನನ್ನಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡಿದ್ದೆ. ಹುಡುಗ ಇರಲಿಲ್ಲ.

ಪುಟ್ಟ ಉಯ್ಯಾಲೆಯಲ್ಲಿದ್ದಾಗ ಹೊಸಬರು ಬಂದರು. ಮೈಸೂರು ಕಡೆಯವರಿರಬೇಕು. ಅವರ ಮಗು ಸರಪಳಿ ಹಿಡಿಯಿತು. ಪುಟ್ಟ ಮೂರು ಬೆರಳು ತೋರಿಸಿ "ತೀಸ್" ಎಂದ. ಮಗುವಿಗೆ ಅರ್ಥವಾಗಲಿಲ್ಲ. ಅದರ ಅಮ್ಮ ಒಮ್ಮೆ ವಾಚು ನೋಡಿಕೊಂಡರು, ಒಮ್ಮೆ ನನ್ನನ್ನು. ನಾನು ಏಳಲಿಲ್ಲ. ಹತ್ತೊಂಬತ್ತು, ಇಪ್ಪತ್ತು. ಮಗಳು ಎಣಿಸುತ್ತಿದ್ದಳು.

ಚಾಕೊಲೇಟು ಚೀಲದಲ್ಲೇ ಮೆತ್ತಗಾಗಿದೆ. ಪುಟ್ಟನಿಗೆ ಕೊಡಲು ಮನಸ್ಸಾಗಲಿಲ್ಲ.

ಮೇ 13, ಬುಧವಾರ. ದಾರಿಯಲ್ಲಿ

ಏಳಕ್ಕೆ ಹತ್ತು ನಿಮಿಷವಿದ್ದಾಗ ಹೊರಟೆವು. ತಿರುವಿನಲ್ಲಿ ಇವರು ತಾವಾಗಿಯೇ ಕಾರು ನಿಧಾನ ಮಾಡಿದರು. ಗೇಟು ತೆರೆದಿತ್ತು. ಯಾರೂ ಇಲ್ಲ. ಉಯ್ಯಾಲೆಯ ಹಲಗೆ ಒದ್ದೆ. ಪುಟ್ಟ ಇಳಿಯುತ್ತೇನೆಂದ. ಹೊತ್ತಾಯಿತು ಎಂದೆ.

ಸುಂಟಿಕೊಪ್ಪದ ಹತ್ತಿರ ಮತ್ತೆ ವಾಂತಿ.