ಬ್ಲೂಬರ್ಡ್ ದೋಣಿ ನೋಡಿ ಅಪ್ಪ ಮಾತಾಡಿದರು

ನಮ್ಮಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಶೀಟ್ ಮೆಟಲ್ ಕೆಲಸ ಮಾಡಿ ನಿವೃತ್ತರಾದವರು. ನ್ಯಾಟ್ ವಿಮಾನ ಸುಧಾರಿಸಿ ಅಜೀತ್ ಆಗುತ್ತಿದ್ದ ಕಾಲಕ್ಕೆ ಅಪ್ರೆಂಟಿಸ್ ಆಗಿ ಸೇರಿದ್ದರಂತೆ. ನಾನು ಸಾಫ್ಟ್‌ವೇರ್‌ಗೆ ಸೇರಿದಾಗ, "ನಿನ್ನ ಕೆಲಸ ಕೈಗೇ ಸಿಗಲ್ವಲ್ಲೋ" ಅಂತ ನಗುತ್ತಿದ್ದರು. ಅಮ್ಮ ಹೋದ ಮೇಲೆ ಆ ನಗುವೂ ಇಲ್ಲ, ಮಾತೂ ಇಲ್ಲ. ಕಳೆದ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್‌ನ ನಮ್ಮ ಮನೆಗೆ ಕರೆಸಿಕೊಂಡು, ರಜೆ ಹಾಕಿ ಊರೂರು ತೋರಿಸಿದೆ. ಎಲ್ಲದಕ್ಕೂ "ಚೆನ್ನಾಗಿದೆ" ಅಂದರು, ಅಷ್ಟೆ.

ಬಾಯಿಬಿಟ್ಟದ್ದು ಕಾನಿಸ್ಟನ್ ಎಂಬ ಸಣ್ಣ ಊರಿನ ರಸ್ಕಿನ್ ಮ್ಯೂಸಿಯಂನಲ್ಲಿ, ಬ್ಲೂಬರ್ಡ್ ಕೆ7 ಎಂಬ ಹಳೇ ರೇಸಿಂಗ್ ದೋಣಿಯ ಮುಂದೆ.

ಈ ಜೆಟ್ ದೋಣಿಯಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ನೀರಿನ ಮೇಲಿನ ವೇಗದ ವಿಶ್ವದಾಖಲೆಯನ್ನು ಏಳು ಸಲ ಮುರಿದರು. 1964ರ ಕೊನೆಯ ದಿನ ಆಸ್ಟ್ರೇಲಿಯಾದಲ್ಲಿ ಗಂಟೆಗೆ 276 ಮೈಲಿ. 1967ರ ಜನವರಿ 4ರಂದು ಇದೇ ಕಾನಿಸ್ಟನ್ ಕೆರೆಯಲ್ಲಿ 300 ದಾಟಲು ಹೋದಾಗ ದೋಣಿ ಗಾಳಿಗೆದ್ದು, ಪಲ್ಟಿ ಹೊಡೆದು ಮುಳುಗಿತು. ಕ್ಯಾಂಪ್‌ಬೆಲ್ ಉಳಿಯಲಿಲ್ಲ. 2001ರಲ್ಲಿ ಮೇಲೆತ್ತಿದಾಗ ಬಾಲದ ಮೇಲಿನ ಬ್ರಿಟಿಷ್ ಬಾವುಟ ಇನ್ನೂ ಗುರುತು ಸಿಗುವ ಹಾಗಿತ್ತು.

"ಅಪ್ಪ, ಇದಕ್ಕೆ ಕೊನೆಗೆ ಹಾಕಿದ್ದು ನ್ಯಾಟ್ ವಿಮಾನದ ಆರ್ಫಿಯಸ್ ಎಂಜಿನ್ ಅಂತೆ" ಅಂದೆ.

"ಎಂಜಿನ್ ಬಿಡೋ, ಆ ಬಾಲ ನೋಡು, ಅದೂ ನ್ಯಾಟ್‌ದೇ!" ಅಂದರು. ಅದೂ ನಿಜ. ಆರ್ಫಿಯಸ್ ನಮ್ಮ ಬೆಂಗಳೂರಲ್ಲೂ ತಯಾರಾಗುತ್ತಿತ್ತು, ಮಾರುತ್ ಯುದ್ಧವಿಮಾನಕ್ಕೂ ಅದೇ.

ಆಮೇಲೆ ಅಪ್ಪ ದೋಣಿಯ ಸುತ್ತ ನಡೆದದ್ದೇ ನಡೆದದ್ದು. ರಿಪೇರಿ ಮಾಡಿದವರು ಬಿಲ್ ಸ್ಮಿತ್ ಮತ್ತು ಅವರ ಸ್ವಯಂಸೇವಕರ ತಂಡ. ಹಳೆಯ ಲೋಹ ಎಷ್ಟು ಉಳಿಯುತ್ತೋ ಅಷ್ಟನ್ನೂ ಬಳಸಬೇಕು ಅನ್ನೋದು ಅವರ ಹಟ. ಚೂರಾಗಿದ್ದ ಮುಂಭಾಗವನ್ನು ಹೊಸದಾಗಿ ಕಟ್ಟಿದರು. ಹಿಂದಿನ ಹಳೇ ತಗಡುಗಳನ್ನು ಬಿಚ್ಚಿ, ತಟ್ಟಿ, ಮತ್ತೆ ಕೂರಿಸಿದರು. 2018ರಲ್ಲಿ ಸ್ಕಾಟ್ಲೆಂಡಿನ ಲಾಕ್ ಫ್ಯಾಡ್ ಕೆರೆಯಲ್ಲಿ ದೋಣಿ ಮತ್ತೆ ಓಡಿತು. ಅದು ಯಾರ ಬಳಿ ಇರಬೇಕೆಂದು ವರ್ಷಗಟ್ಟಲೆ ಜಗಳವೂ ಆಗಿ, 2024ರಲ್ಲಿ ಕಾನಿಸ್ಟನ್‌ಗೆ ವಾಪಸ್ ಬಂತು.

"ಎಲ್ಲಾ ಹೊಸದೇ ಮಾಡಿದ್ರೆ ಸುಲಭ ಆಗ್ತಿರಲಿಲ್ವಾ?" ಅಂತ ಕೇಳಿದೆ. ಆಫೀಸಲ್ಲಿ ಹಳೇ ಕೋಡ್ ಕಿತ್ತೆಸೆದು ಹೊಸದು ಬರೆಯೋಣ ಅನ್ನೋ ಪಾರ್ಟಿ ನಾನು.

"ಸುಲಭವೇ. ಆದ್ರೆ ಅವನು ಕೂತ ದೋಣಿ ಇದಾಗ್ತಿರಲಿಲ್ಲ" ಅಂದು ಶುರು ಮಾಡಿದರು. ಅಲ್ಯೂಮಿನಿಯಂ ತಗಡು ಒಮ್ಮೆ ನುಗ್ಗಾದರೆ ಹಿಗ್ಗಿರುತ್ತದಂತೆ. ಸುಮ್ಮನೆ ಬಡಿದರೆ ಇನ್ನೂ ಹಿಗ್ಗಿ ಡಬ್ಬದ ಮುಚ್ಚಳದ ಹಾಗೆ ಟಪ್ ಟಪ್ ಅನ್ನುತ್ತೆ. ಬಡಿದಷ್ಟೂ ಗಟ್ಟಿಯಾಗಿ ಬಿರುಕೂ ಬಿಡುತ್ತೆ. ಮೆತ್ತಗೆ ಮಾಡೋಕೆ ಬಿಸಿ ಮಾಡಬೇಕು, ಆದರೆ ಕಬ್ಬಿಣದ ಹಾಗೆ ಕೆಂಪಾಗಿ ಸೂಚನೆ ಕೊಡಲ್ಲ, ಸೀದಾ ಕರಗಿಬಿಡುತ್ತೆ. ಅದಕ್ಕೆ ಮೊದಲು ಬಟ್ಟೆ ಸೋಪು ಸವರೋದು. ಸೋಪು ಕಪ್ಪಾಯಿತೋ, ಉರಿ ತೆಗೀಬೇಕು. ಬರೀ ಸೋಪು! ನಾಲ್ಕು ವರ್ಷದ ಎಂಜಿನಿಯರಿಂಗ್‌ನಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ನನಗೆ ಆ ನೀಲಿ ಬಣ್ಣದ ಹೊಳಪು ಸ್ವಲ್ಪ ಜಾಸ್ತಿ ಅನ್ನಿಸಿತು, ಒಬ್ಬರ ಪ್ರಾಣ ಹೋದ ದೋಣಿ ಶೋರೂಂ ಕಾರಿನ ಹಾಗೆ ಮಿಂಚಬೇಕಾ ಅಂತ. ಈಗಲೂ ಹಾಗೇ ಅನ್ನಿಸುತ್ತೆ. ಅಪ್ಪ ಒಪ್ಪಲಿಲ್ಲ. ನಮ್ಮ ಏರಿಯಾದ ಗ್ಯಾರೇಜಿನ ಟಿಂಕರಿಂಗ್‌ನಲ್ಲಿ ಗುಂಡಿಗೆಲ್ಲ ಪುಟ್ಟಿ ಮೆತ್ತಿ ಮುಗಿಸುತ್ತಾರೆ, ಇಷ್ಟು ಅದುರುವ ಮೈಗೆ ದಪ್ಪ ಪುಟ್ಟಿ ನಿಲ್ಲಲ್ಲ ಅಂದರು. ಆಮೇಲೆ ತಲೆ ಓರೆ ಮಾಡಿ, ತಗಡಿನ ಮೇಲೆ ಬಿದ್ದ ದೀಪದ ಬೆಳಕನ್ನು ಉದ್ದಕ್ಕೂ ನೋಡಿದರು. "ಕೆಳಗೆ ಏರುತಗ್ಗು ಇದ್ರೆ ಹೊಳೆಯೋ ಬಣ್ಣದಲ್ಲಿ ಎದ್ದು ಕಾಣುತ್ತೆ. ಚೆನ್ನಾಗಿ ಮಾಡಿದಾರೆ ಕಣೋ."

ಎರಡು ಗಂಟೆ ಇದ್ದೆವು. ಹೊರಡುವಾಗ ರಿವೆಟ್ ಸಾಲಿನ ಫೋಟೊ ತೆಗೆಸಿ ತಮ್ಮ ನಿವೃತ್ತರ ವಾಟ್ಸಾಪ್ ಗುಂಪಿಗೆ ಹಾಕಿದರು. ಕಾರು ಹತ್ತುವಷ್ಟರಲ್ಲಿ ಉತ್ತರ ಬಂತು: "ಯಾವ ಹ್ಯಾಂಗರ್ ಮಾರಾಯ ಇದು?" ಮ್ಯಾಂಚೆಸ್ಟರ್ ತಲುಪುವವರೆಗೂ ಅಪ್ಪ ಅವರಿಗೆ ಫೋನಿನಲ್ಲಿ ವಿವರಿಸುತ್ತಲೇ ಇದ್ದರು.