ಗೃಹಪ್ರವೇಶದ ಆಟ

ಕೆಂಗೇರಿ ಉಪನಗರದಲ್ಲೋ ಬಸವೇಶ್ವರನಗರದಲ್ಲೋ ಯಾರದಾದರೂ ಗೃಹಪ್ರವೇಶಕ್ಕೆ ಹೋದಾಗ ಗಮನಿಸಿ. ಊಟಕ್ಕೆ ಕೂರಿಸುವ ಮುಂಚೆ ಮನೆಯವರು ಒಂದು ರೌಂಡ್ ಹೊಡೆಸುತ್ತಾರೆ. ದೇವರ ಮನೆಯ ಬಾಗಿಲು ತೇಗದ್ದು, ಪಿಲ್ಲರಿಗೆ ಇಷ್ಟು ಎಂಎಂ ಕಂಬಿ ಹಾಕಿಸಿದ್ದೀವಿ ಅಂತೆಲ್ಲ ಹೇಳ್ತಾರೆ. ಬಂದವರು ತಲೆಯಾಡಿಸಿ, ಸುಮ್ಮನೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನೋಡ್ತಾರೆ. ನೀರು ಜೋರಾಗಿ ಬಂದರೆ ಮನೆ ಚೆನ್ನಾಗಿದೆ ಅಂತ ಅರ್ಥ.

ಹೊಸ ಗೇಮ್ ಕನ್ಸೋಲಿನ ಜೊತೆ ಬಿಡುಗಡೆಯಾಗುವ ಆಟಗಳ ಕೆಲಸವೂ ಇದೇ, ಹೊಸ ಮನೆ ತೋರಿಸೋದು. ಆದರೆ ಬಹುಪಾಲು ಆಟಗಳು ಕಂಬಿಯ ಲೆಕ್ಕ ಒಪ್ಪಿಸ್ತವೆ. ನಲ್ಲಿ ತೋರಿಸುವ ಆಟ ಎಲ್ಲೋ ಒಂದೆರಡು.

ಪ್ಲೇಸ್ಟೇಷನ್ 5 ನೋಡಿ. ಭಾರತಕ್ಕೆ ಅದು ಬಂದಿದ್ದು 2021ರ ಫೆಬ್ರವರಿ 2ರಂದು, ಡಿಸ್ಕ್ ಇರುವ ಮಾಡೆಲ್‌ಗೆ 49,990 ರೂಪಾಯಿ. 4ಕೆ ಚಿತ್ರ, ರೇ ಟ್ರೇಸಿಂಗ್, ಸೆಕೆಂಡಿಗೆ 5.5 ಜಿಬಿ ಓದುವ ಎಸ್‌ಎಸ್‌ಡಿ. ನನ್ನಂಥವನಿಗೆ ಇಷ್ಟು ಓದಿದರೆ ಸಾಕು, ಬಾಯಲ್ಲಿ ನೀರು. ಜೊತೆಗೆ ಬಂದ ದೊಡ್ಡ ಆಟಗಳು? ಸ್ಪೈಡರ್‌ಮ್ಯಾನ್ ಮೈಲ್ಸ್ ಮೊರಾಲೆಸ್ ಹಳೇ ಪಿಎಸ್4ನಲ್ಲೂ ಓಡ್ತಿತ್ತು. ಡೀಮನ್ಸ್ ಸೋಲ್ಸ್ 2009ರ ಆಟದ ಹೊಸ ಅವತಾರ, ಆಗ ಬೆಲೆ 4,999 ರೂಪಾಯಿ ಇತ್ತು. ನೋಡೋಕೆ ಅದ್ಭುತ. ಆದರೆ ಶುರುವಿನ ಪಾಠ ಮುಗಿಯುವಷ್ಟರಲ್ಲೇ ಒಂದು ರಾಕ್ಷಸ ಬಂದು ಹೊಸಬರನ್ನು ಕೊಂದುಹಾಕುತ್ತೆ. ಮನೆ ನೋಡೋಕೆ ಬಂದ ನೆಂಟರಿಗೆ ಹೊಸ್ತಿಲಲ್ಲೇ ನಾಯಿ ಬಿಟ್ಟ ಹಾಗೆ.

ಆ ವರ್ಷ ಅಪ್ಪ ತಿಪಟೂರು ಕಡೆಯ ನಮ್ಮೂರಿನಿಂದ ಮಂಡಿನೋವು ತೋರಿಸೋಕೆ ಅಂತ ವಿಜಯನಗರದ ಮನೆಗೆ ಬಂದಿದ್ದರು. ಮೊದಲು ಸ್ಪೈಡರ್‌ಮ್ಯಾನ್ ಹಾಕಿದೆ. ನ್ಯೂಯಾರ್ಕಿನ ಹಿಮ, ಗಾಜಿನ ಕಟ್ಟಡಗಳಲ್ಲಿ ಎದುರಿನ ಬೀದಿಯ ಪ್ರತಿಬಿಂಬ.

"ಸಿನಿಮಾನೇನೋ?"

"ಅಲ್ಲಪ್ಪ, ಆಟ. ಕಿಟಕಿಲಿ ರಿಫ್ಲೆಕ್ಷನ್ ನೋಡು."

"ಹೂಂ, ಚೆನ್ನಾಗೈತೆ." ಆಮೇಲೆ ಬೆಲೆ ಕೇಳಿ, ಅದು ಎಷ್ಟು ಕ್ವಿಂಟಾಲ್ ಕೊಬ್ಬರಿ ಅಂತ ಮನಸ್ಸಲ್ಲೇ ಲೆಕ್ಕ ಹಾಕಿ ಸುಮ್ಮನಾದರು.

ಆಮೇಲೆ ಆಸ್ಟ್ರೋಸ್ ಪ್ಲೇರೂಮ್ ಹಾಕಿ ಕಂಟ್ರೋಲರ್ ಅವರ ಕೈಗೇ ಕೊಟ್ಟೆ. ಇದು ಮೆಷಿನ್ನಿನ ಒಳಗೇ ಬರುವ ಪುಕ್ಕಟೆ ಆಟ. ಕೂಲಿಂಗ್, ಜಿಪಿಯು, ಮೆಮೊರಿ, ಎಸ್‌ಎಸ್‌ಡಿ, ಹೀಗೆ ಯಂತ್ರದ ಭಾಗಗಳ ಹೆಸರಿನ ನಾಲ್ಕು ಲೋಕಗಳಲ್ಲಿ ಒಂದು ಪುಟಾಣಿ ರೋಬೋ ಓಡಾಡುತ್ತೆ. ಮರಳ ಮೇಲೆ ನಡೆದರೆ ಅಂಗೈಗೆ ಒಂಥರಾ, ಲೋಹದ ಮೇಲೆ ಇನ್ನೊಂಥರಾ. ಹಳೇ ಕಂಟ್ರೋಲರಿನಲ್ಲಿ ಭಾರ ಕಟ್ಟಿದ ಮೋಟಾರು ತಿರುಗಿ ಗಡಗಡ ಅಂತಿತ್ತು, ಅಷ್ಟೇ. ಇದರಲ್ಲಿ ಸ್ಪೀಕರಿನೊಳಗಿನಂಥ ಕಾಯಿಲ್ ಇರೋದರಿಂದ ಸಣ್ಣ ಮಿಡಿತವೂ ಬೇರೆ ಬೇರೆಯಾಗಿ ಗೊತ್ತಾಗುತ್ತೆ.

ಆಟದಲ್ಲಿ ಮಳೆ ಶುರುವಾಯ್ತು. ಅಪ್ಪ ಟಿವಿ ಬಿಟ್ಟು ಕೈ ನೋಡಿಕೊಂಡರು. "ಲೋ, ಹನಿ ಬಿದ್ದಂಗೇ ಆಯ್ತದಲ್ಲೋ!" ನಾಣ್ಯ ಆರಿಸಲಿಲ್ಲ, ಮುಂದಕ್ಕೂ ಹೋಗಲಿಲ್ಲ. ರೋಬೋನ ಮಳೆಯಲ್ಲೇ ನಿಲ್ಲಿಸಿಕೊಂಡು ಕೂತರು. ಸ್ವಲ್ಪ ಹೊತ್ತಾದ ಮೇಲೆ, "ಇದ್ನ ಮಾಡಿರೋನೂ ನಿನ್ನಂಗೆ ಇಂಜಿನಿಯರ್ರಾ?" ಅಂದರು. ಹೂಂ ಅಂದೆ. "ಅವ್ನು ಮಳೇಲಿ ನೆಂದಿರೋನು ಕಣೋ."

ನಾನು ಹತ್ತು ವರ್ಷದಿಂದ ಬ್ಯಾಕೆಂಡ್, ಸರ್ವರ್ ಅಂತೆಲ್ಲ ಹೇಳಿ ನನ್ನ ಕೆಲಸವನ್ನ ಅವರಿಗೆ ಅರ್ಥ ಮಾಡಿಸೋಕೆ ನೋಡಿದ್ದೆ. ನಮ್ಮ ಕಸುಬನ್ನು ಅವರು ಮೊದಲ ಸಲ ಹೊಗಳಿದ್ದು ಅವತ್ತು, ಅದೂ ಬೇರೆ ಯಾರೋ ಬರೆದ ಕೋಡಿಗೆ. ಒಂಚೂರು ಹೊಟ್ಟೆ ಉರೀತು ಅನ್ನಿ.

ಈ ಗುಟ್ಟು ಹೊಸದೇನಲ್ಲ. ನಾವು ಚಿಕ್ಕವರಿದ್ದಾಗ ಟಿವಿಗೆ ಹಾಕುವ ಅಗ್ಗದ ವಿಡಿಯೋ ಗೇಮಿನ ಜೊತೆ ಒಂದು ಪ್ಲಾಸ್ಟಿಕ್ ಗನ್ ಬರ್ತಿತ್ತು, ನೆನಪಿದೆಯಾ? ಡಕ್ ಹಂಟ್. ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗ ಬೆಳ್ಳಗೆ ಹೊಳೆಯುತ್ತೆ, ಆ ಬೆಳಕನ್ನು ಗನ್ನಿನೊಳಗಿನ ಸೆನ್ಸರ್ ಹಿಡಿಯುತ್ತೆ. ಇದೊಂದೂ ಗೊತ್ತಿಲ್ಲದೆ ಇಡೀ ಬೀದಿಯ ಮಕ್ಕಳು ಸರದಿ ನಿಲ್ತಿದ್ದರು. ಗನ್ ಹಿಡಿಯೋದು ಹೇಗೆ ಅಂತ ಯಾರಿಗೂ ಹೇಳಿಕೊಡಬೇಕಿರಲಿಲ್ಲ. 2006ರಲ್ಲಿ ನಿಂಟೆಂಡೊ ತನ್ನ ವೀ ಕನ್ಸೋಲಿನ ಡಬ್ಬಿಯಲ್ಲೇ, ಜಪಾನ್ ಮತ್ತು ದಕ್ಷಿಣ ಕೊರಿಯಾ ಬಿಟ್ಟು, ವೀ ಸ್ಪೋರ್ಟ್ಸ್ ಇಟ್ಟು ಮಾರಿದ್ದೂ ಇದೇ ಧೈರ್ಯದ ಮೇಲೆ. ಕೈ ಬೀಸಿದರೆ ಟೆನಿಸ್. 8 ಕೋಟಿಗೂ ಹೆಚ್ಚು ಪ್ರತಿ ಹೋಯ್ತು. ಅದೇ ನಿಂಟೆಂಡೊ 2025ರ ಜೂನ್‌ನಲ್ಲಿ ಸ್ವಿಚ್ 2 ತಂದಾಗ, ಯಂತ್ರವನ್ನು ಪರಿಚಯಿಸುವ ವೆಲ್‌ಕಮ್ ಟೂರ್‌ಗೆ ಅಮೆರಿಕದಲ್ಲಿ 9.99 ಡಾಲರ್ ಇಟ್ಟಿತು. ಗೃಹಪ್ರವೇಶಕ್ಕೆ ಕರೆದು ರೂಮು ನೋಡೋಕೆ ಟಿಕೆಟ್ ಕೇಳಿದರೆ ಯಾರು ಬರ್ತಾರೆ?

ಹಾಗಂತ ಮಳೆ ನೋಡಿ ಅಪ್ಪ ಗೇಮರ್ ಆಗಲಿಲ್ಲ. ಎರಡು ದಿನ ಇದ್ದು ಊರಿಗೆ ಹೋದರು, ಕಂಟ್ರೋಲರ್ ಮತ್ತೆ ಕೇಳಲಿಲ್ಲ. ತೋರಿಸೋದು ಬೇರೆ, ಉಳಿಸಿಕೊಳ್ಳೋದು ಬೇರೆ. ನಮ್ಮಲ್ಲಿ ಸುಮ್ಮನೆ ಆಡುವವರ ಕನ್ಸೋಲ್ ಅಂದರೆ ಫೋನ್. ಬೆಳಿಗ್ಗೆ ವಿಜಯನಗರದಲ್ಲಿ ನೇರಳೆ ಮೆಟ್ರೋ ಹತ್ತಿ ನೋಡಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಕ್ಯಾಂಡಿ ಕ್ರಷ್. ಅಂಥವರ ಮುಂದೆ ಹೊಸ ಯಂತ್ರಕ್ಕೆ ಸಿಗೋದು ಐದೇ ನಿಮಿಷ. ಆ ಐದು ನಿಮಿಷವನ್ನು ಪ್ರತಿಬಿಂಬ ತೋರಿಸೋಕೆ ಖರ್ಚು ಮಾಡಿದರೆ "ಹೂಂ, ಚೆನ್ನಾಗಿದೆ" ಅನ್ನೋ ಉತ್ತರ ಸಿಗುತ್ತೆ. ಅದಕ್ಕೆ ಅರ್ಧ ಲಕ್ಷ ಜಾಸ್ತಿಯಾಯ್ತು.

ನೀವು ಮುಂದಿನ ಕನ್ಸೋಲ್ ಕೊಳ್ಳೋಕೆ ಹೊರಟಿದ್ದರೆ, ಮನೆಯಲ್ಲಿ ಆಟವೇ ಆಡದವರನ್ನು ಅಂಗಡಿಗೆ ಕರಕೊಂಡು ಹೋಗಿ. ಕಂಟ್ರೋಲರ್ ಅವರ ಕೈಗೆ ಕೊಟ್ಟು, ಏನೂ ವಿವರಿಸದೆ ಪಕ್ಕದಲ್ಲಿ ನಿಂತುಕೊಳ್ಳಿ. ಕಷ್ಟ ಇರೋದು ಆ ವಿವರಿಸದೆ ನಿಲ್ಲೋದರಲ್ಲೇ.